ಡಬ್ಬಿ ನೋಡಬಹುದು, ಫೋಟೊ ಹರಿಬಿಡುವಂತಿಲ್ಲ

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಹಿರಿಯ ಆರೋಗ್ಯ ನಿರೀಕ್ಷಕರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಪಿ.ಜೆ. ಬಡಾವಣೆಯವರದೂ ಅದೇ, ನಿಟ್ಟುವಳ್ಳಿಯವರದೂ ಅದೇ, ವಿದ್ಯಾನಗರದವರು ಅದನ್ನೇ ಎರಡು ಪುಟಕ್ಕೆ ಎಳೆದಿದ್ದಾರೆ. ‘ನಮ್ಮ ಕಸ ನೋಡೋಕೆ ಅವರ್ಯಾರು?’ ಇದಕ್ಕೆ ಒಮ್ಮೆ ಸರಿಯಾಗಿ ಉತ್ತರ ಬರೆದು ಕೈ ತೊಳೆದುಕೊಳ್ಳುತ್ತೇನೆ. ಹಸಿ ಕಸ ಯಾವುದು, ಒಣ ಕಸ ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಗಾಡಿಯ ಮೈಕು ದಿನಾ ಬೆಳಗ್ಗೆ ಬೀದಿ ತುಂಬ ಅದನ್ನೇ ಹೇಳುತ್ತದೆ. ಇನ್ನೂ ಗೊತ್ತಿಲ್ಲ ಎನ್ನುವವರಿಗೆ ಗೊತ್ತಾಗುವುದು ಬೇಕಿಲ್ಲ ಅಷ್ಟೆ.

ಪ್ರಶ್ನೆ: ಕಸದ ಗಾಡಿಯವರು ಗೇಟಿನ ಎದುರೇ ನಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ. ಮೊನ್ನೆ ಹಸಿ ಕಸದಲ್ಲಿ ಪ್ಲಾಸ್ಟಿಕ್ ಇದೆ ಎಂದು ಡಬ್ಬಿಯನ್ನು ಬಗ್ಗಿಸಿದರು. ಅದರ ಫೋಟೊ ಯಾರೋ ತೆಗೆದು ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಾರೆ. ನಾನು ತೆಗೆದುಕೊಳ್ಳುವ ಮಾತ್ರೆಯ ಹೆಸರು ಅದರಲ್ಲಿ ಕಾಣುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಲ್ಲವೇ? – ಗೃಹಿಣಿ, ಪಿ.ಜೆ. ಬಡಾವಣೆ

ಮೂಲಭೂತ ಹಕ್ಕು ಹೌದಮ್ಮ. ಆದರೆ ಡಬ್ಬಿ ನೋಡಿದ್ದು ಒಂದು, ಫೋಟೊ ಹಂಚಿದ್ದು ಇನ್ನೊಂದು. ಎರಡಕ್ಕೂ ಒಂದೇ ಸಿಟ್ಟು ಮಾಡಿಕೊಂಡಿದ್ದೀರಿ. ಮೊದಲನೆಯದು ಅವರ ಕೆಲಸ. ಎರಡನೆಯದು ಯಾರೇ ಮಾಡಿರಲಿ, ತಪ್ಪು.

ನೋಡುವ ಅಧಿಕಾರ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ನಗರಗಳ ಕಸದ ವಿಷಯವಾಗಿ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2000ದಲ್ಲಿ ಮೊದಲ ಸಲ ದೇಶಕ್ಕೊಂದು ನಗರ ತ್ಯಾಜ್ಯದ ನಿಯಮ ಬಂತು. 2016ರ ಏಪ್ರಿಲ್‌ನ ಘನತ್ಯಾಜ್ಯ ನಿರ್ವಹಣಾ ನಿಯಮ ಅದನ್ನು ಬಿಗಿ ಮಾಡಿತು. ಕಸವನ್ನು ಬೇರೆ ಮಾಡಿ ಕೊಡುವುದು ಮನೆಯವರ ಕರ್ತವ್ಯ ಎಂದು ಬರೆದಿಟ್ಟಿತು. ಮಾಡದಿದ್ದರೆ ಸ್ಥಳೀಯ ಸಂಸ್ಥೆ ತನ್ನ ಬೈಲಾ, ಅಂದರೆ ಉಪನಿಯಮದ ಪ್ರಕಾರ ಸ್ಥಳದಲ್ಲೇ ದಂಡ ಹಾಕಬಹುದು ಎಂದಿತು. 2026ರ ಏಪ್ರಿಲ್ 1ಕ್ಕೆ ಜಾರಿ ಎಂದು ಹೊರಟ ಹೊಸ ನಿಯಮದಲ್ಲಿ ಬೇರ್ಪಡಿಸುವ ಬಗೆ ನಾಲ್ಕಾಗಿದೆ: ಹಸಿ, ಒಣ, ಪ್ಯಾಡು–ಡೈಪರಿನಂಥ ನೈರ್ಮಲ್ಯ ಕಸ, ಮತ್ತೆ ಔಷಧಿ, ಬಲ್ಬು, ಬಣ್ಣದ ಡಬ್ಬಿಯಂಥ ಜೋಪಾನದ ಕಸ. ಬೇರೆ ಮಾಡಿದ್ದೀರೋ ಇಲ್ಲವೋ ಎಂದು ನೋಡದೆ ತಿಳಿಯುವ ಮಂತ್ರ ಯಾರಿಗೂ ಬರುವುದಿಲ್ಲ.

ಈಗ ನೋಡುವುದು ಎಂದರೆ ಎಷ್ಟು ನೋಡುವುದು? ಕೈ ಪಳಗಿದ ಪೌರಕಾರ್ಮಿಕರಿಗೆ ಕೆದಕುವ ಅಗತ್ಯವೇ ಬೀಳುವುದಿಲ್ಲ. ಒಣ ಕಸದ ಚೀಲ ಎತ್ತಿದಾಗ ಭಾರ ಇದ್ದರೆ ಒಳಗೆ ಅನ್ನ–ಸಾರು ಇದೆ. ತಳದಲ್ಲಿ ತೊಟ್ಟಿಕ್ಕಿದರೆ ಅನುಮಾನವೇ ಬೇಡ. ಹಸಿ ಕಸದ ಬಕೆಟ್ಟನ್ನು ಅರ್ಧ ಬಗ್ಗಿಸಿದರೆ ಹಾಲಿನ ಪ್ಯಾಕೆಟ್ಟಿನ ಮೂಲೆ ತಾನಾಗಿಯೇ ಕಾಣುತ್ತದೆ. ಗಾಜಿದ್ದರೆ ಸದ್ದು ಹೇಳುತ್ತದೆ. ಇಷ್ಟಕ್ಕೆ ಐದಾರು ಸೆಕೆಂಡು ಸಾಕು. ನಿಮ್ಮ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಭಾನುವಾರ ಏನು ಬೇಯಿಸಿದಿರಿ, ಯಾವ ಬಾಟಲಿ ಖಾಲಿಯಾಯಿತು ಎಂದು ಓದುತ್ತ ನಿಲ್ಲಲು ಅವರಿಗೆ ಪುರುಸೊತ್ತಿಲ್ಲ. ಮುಂದಿನ ಬೀದಿ ಕಾಯುತ್ತಿರುತ್ತದೆ. ಗಂಟು ಹಾಕಿದ ಪೊಟ್ಟಣವನ್ನು ಬಿಚ್ಚಿ, ಕಾಗದ ಬಿಡಿಸಿ, ಒಂದೊಂದನ್ನೇ ಎತ್ತಿ ತೋರಿಸುವವನು ಕೆಲಸ ಕಲಿತವನಲ್ಲ. ಇಲ್ಲವೇ ಅವನಿಗೆ ಬೇರೆ ಏನೋ ಬೇಕಿದೆ.

ಖಾಸಗಿತನದ ವಿಷಯ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಅರ್ಜಿ ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ತೀರ್ಪಿನ ಹೆಸರು ಹೇಳುವವರೆಲ್ಲ ಅದರ ಇನ್ನರ್ಧವನ್ನು ನುಂಗಿಬಿಡುತ್ತಾರೆ. ಹಕ್ಕಿಗೆ ಮಿತಿ ಹಾಕಬಹುದು; ಆದರೆ ಅದಕ್ಕೊಂದು ಕಾನೂನು ಇರಬೇಕು, ಉದ್ದೇಶ ನ್ಯಾಯವಾಗಿರಬೇಕು, ಉದ್ದೇಶಕ್ಕೆ ಬೇಕಾದುದಕ್ಕಿಂತ ಹೆಚ್ಚು ಕೈ ಚಾಚಬಾರದು. ಮುಚ್ಚಳ ತೆಗೆದು ನೋಡುವುದು ಈ ಮೂರರಲ್ಲೂ ಪಾಸಾಗುತ್ತದೆ ಎಂದು ನನ್ನ ಅಭಿಪ್ರಾಯ. ಮಾತ್ರೆಯ ಹೆಸರು ಕಾಣುವ ಹಾಗೆ ಫೋಟೊ ತೆಗೆದು ನೂರು ಜನಕ್ಕೆ ಹಂಚುವುದು ಮೂರನೆಯದರಲ್ಲಿ ನಪಾಸು. ಪ್ಲಾಸ್ಟಿಕ್ ಬೆರೆಸಿದ್ದಕ್ಕೆ ಶಿಕ್ಷೆ ದಂಡ. ಮಾನ ಹರಾಜು ಹಾಕುವ ಶಿಕ್ಷೆ ಯಾವ ಬೈಲಾದಲ್ಲೂ ಇರುವಂಥದ್ದಲ್ಲ.

‘ಬೀದಿಗೆ ಇಟ್ಟ ಕಸಕ್ಕೆ ಖಾಸಗಿತನ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ’ ಎಂಬ ಒಂದು ಸಂದೇಶ ಗುಂಪುಗಳಲ್ಲಿ ಸುತ್ತುತ್ತಿದೆಯಲ್ಲ, ಅದನ್ನು ನನಗೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಹೇಳಿದ್ದು ಅಮೆರಿಕದ ಸುಪ್ರೀಂ ಕೋರ್ಟು, 1988ರಲ್ಲಿ, ಕ್ಯಾಲಿಫೋರ್ನಿಯಾದ ಗ್ರೀನ್‌ವುಡ್ ಎಂಬಾತನ ಮಾದಕ ವಸ್ತು ಪ್ರಕರಣದಲ್ಲಿ. ಅಲ್ಲಿ ಕಸ ನೋಡಿದವರು ಪೊಲೀಸರು. ಕಸ ಬೇರ್ಪಡಿಸಿದ್ದಾನೋ ಎಂದಲ್ಲ, ಏನು ಮಾರುತ್ತಾನೆ ಎಂದು. ಅದೇ ದೇಶದ ಸಿಯಾಟಲ್ ನಗರದಲ್ಲಿ 2015ರಲ್ಲಿ ಕಸದ ಡಬ್ಬಿಗೆ ಆಹಾರ ಪದಾರ್ಥ ಹಾಕಬಾರದೆಂದು ನಿಯಮ ಮಾಡಿ, ಕಸ ಒಯ್ಯುವವರಿಗೇ ತಪಾಸಣೆಯ ಕೆಲಸ ಕೊಟ್ಟಿದ್ದರು. ಜನ ಕೋರ್ಟಿಗೆ ಹೋದರು. 2016ರಲ್ಲಿ ಅಲ್ಲಿನ ನ್ಯಾಯಾಧೀಶರು ಕಸ ಬೇರ್ಪಡಿಸುವ ನಿಯಮ ಇರಲಿ ಎಂದರು, ವಾರಂಟಿಲ್ಲದೆ ಡಬ್ಬಿ ಶೋಧಿಸುವುದು ವಾಷಿಂಗ್ಟನ್ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದರು. ತಾನಾಗಿ ಕಣ್ಣಿಗೆ ಬಿದ್ದದ್ದಕ್ಕೆ ಅಡ್ಡಿಯಿಲ್ಲ. ಎರಡೂ ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವ ತೀರ್ಪುಗಳಲ್ಲ. ಆದರೆ ಕಣ್ಣಿಗೆ ಬಿದ್ದದ್ದು ಸರಿ, ಬಗೆದು ನೋಡುವುದು ತಪ್ಪು ಎಂಬ ಗೆರೆ ನನಗೆ ಒಪ್ಪಿಗೆ.

ಈಗ ನೀವು ಮಾಡಬೇಕಾದದ್ದು. ಗುಂಪಿನಲ್ಲಿ ಜಗಳಕ್ಕೆ ನಿಲ್ಲಬೇಡಿ, ಜಗಳ ಬೆಳೆದಷ್ಟೂ ಫೋಟೊ ಮೇಲೆ ಬರುತ್ತದೆ. ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಗುಂಪಿನ ಅಡ್ಮಿನ್‌ಗೆ ಖಾಸಗಿಯಾಗಿ ಬರೆದು ಅಳಿಸಲು ಹೇಳಿ. ಫೋಟೊ ತೆಗೆದವರು ಸಿಬ್ಬಂದಿಯೇ ಎಂದು ಖಾತ್ರಿಯಾದರೆ ಮಹಾನಗರ ಪಾಲಿಕೆಯ ಆಯುಕ್ತರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿ ಮಾತಿನ ದೂರಿಗೆ ಕಾಲಿಲ್ಲ. ದಂಡಕ್ಕೆ ಸಾಕ್ಷಿಯಾಗಿ ಫೋಟೊ ಬೇಕಿದ್ದರೆ ಅದು ಕಚೇರಿಯ ದಾಖಲೆಯಲ್ಲಿರಬೇಕು, ಬೀದಿಯ ಗುಂಪಿನಲ್ಲಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯನ್ನು ಪಕ್ಕದ ಮನೆಯವರ ಮೇಲೆ ಝಳಪಿಸಬೇಡಿ, ವ್ಯಕ್ತಿಯೊಬ್ಬ ತನ್ನ ಮನೆಮಟ್ಟಿನ ಕೆಲಸಕ್ಕೆ ಬಳಸುವ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಎಚ್‌ಐವಿ ಮಾತ್ರೆಯಂಥದ್ದಾಗಿದ್ದರೆ ಮಾತು ಬೇರೆ. ಒಬ್ಬರು ನಂಬಿ ತಿಳಿಸಿದ ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ; ಇಂಥ ಫೋಟೊಗೆ ಅದು ತಾಗುತ್ತದೋ ಎಂದು ಕೇಳಬೇಕು. ಆಗ ತಡಮಾಡದೆ ವಕೀಲರನ್ನು ನೋಡಿ.

ಇನ್ನೊಂದು ಮಾತು, ಸಿಟ್ಟಾಗಬೇಡಿ. ಮಾತ್ರೆಯ ಖಾಲಿ ಪಟ್ಟಿ ಹಸಿ ಕಸದಲ್ಲಿ ಏನು ಮಾಡುತ್ತಿತ್ತು? ಒಣ ಕಸದಲ್ಲಿದ್ದಿದ್ದರೆ ಯಾರೂ ಡಬ್ಬಿ ಬಗ್ಗಿಸುತ್ತಲೇ ಇರಲಿಲ್ಲ. ನಾನು ನೌಕರಿಯಲ್ಲಿ ಕಂಡ ಹಾಗೆ, ಖಾಸಗಿತನದ ಬಗ್ಗೆ ಗೇಟಿನಲ್ಲಿ ಅತಿ ಜೋರಾಗಿ ಮಾತಾಡುವ ಮನೆಯ ಡಬ್ಬಿಯಲ್ಲೇ ಎಲ್ಲ ಕಲಸಿರುತ್ತದೆ.

ನಾನಂತೂ ಮನೆಯಲ್ಲಿ ಮಾತ್ರೆ ಪಟ್ಟಿಯನ್ನು ಹೆಸರಿನ ಮೇಲೇ ಅಡ್ಡಡ್ಡ ಕತ್ತರಿಸಿ ಹಾಕುತ್ತೇನೆ. ಪಾರ್ಸೆಲ್ ಮೇಲಿನ ಚೀಟಿಯಲ್ಲಿ ಹೆಸರು, ವಿಳಾಸ, ಮೊಬೈಲ್ ನಂಬರು ಮೂರೂ ಇರುತ್ತವೆ, ಅದನ್ನು ಕಿತ್ತೇ ತೀರಬೇಕು. ಆ ಚೀಟಿ ಹೆಚ್ಚಾಗಿ ಶಾಖಕ್ಕೆ ಕಪ್ಪಾಗುವ ಕಾಗದ. ಉಗುರಲ್ಲಿ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಅದೇ. ಕಿತ್ತ ಚೀಟಿಯ ಮೇಲೆ ಹಳೇ ಪೇಪರ್ ಇಟ್ಟು ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಅಕ್ಷರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಪ್ಲಾಸ್ಟಿಕ್ ಕವರಿನ ಮೇಲಿರುವಾಗಲೇ ಒತ್ತಿ, ಕರಗಿ ಅಂಟಿಕೊಂಡಿತು ಎಂದು ನನಗೆ ಬರೆಯಬೇಡಿ. ಎಟಿಎಂ ಚೀಟಿ, ಲ್ಯಾಬಿನ ಬಿಲ್ಲು ಬಹುಪಾಲು ಇದೇ ಕಾಗದ. ಇದನ್ನು ರದ್ದಿ ಪೇಪರಿಗೂ ಸೇರಿಸಬಾರದು, ಗೊಬ್ಬರದ ಗುಂಡಿಗೂ ಹಾಕಬಾರದು. ಪ್ಯಾಡನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆ ಕೊಡಿ, ಬಿಚ್ಚಿ ನೋಡುವ ಪ್ರಸಂಗವೇ ಬರದು. ಇನ್ಸುಲಿನ್ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ ಮುಚ್ಚಳ ಬಿಗಿದು ಕೊಡಿ. ನಿಮ್ಮ ಗುಟ್ಟಿಗಿಂತ ಹೆಚ್ಚಾಗಿ ಆ ಪೌರಕಾರ್ಮಿಕರ ಬೆರಳಿಗೋಸ್ಕರ.

ಪ್ರಶ್ನೆ: ಹಳೇ ಕಾಗದಪತ್ರವನ್ನೆಲ್ಲ ಗುಜರಿಗೆ ಹಾಕಿದರೆ ಗಾಡಿಯವರ ಕಾಟ ಇಲ್ಲವಲ್ಲ? – ಎಂ.ಸಿ.ಸಿ. ‘ಬಿ’ ಬ್ಲಾಕ್

ಕಾಟ ಇಲ್ಲ, ಅಪಾಯ ಇದೆ. ಸಂಜೆ ಯಾವುದಾದರೂ ಗಾಡಿಯ ಮುಂದೆ ನಿಂತು ಮಂಡಕ್ಕಿ–ಮಿರ್ಚಿ ತೆಗೆದುಕೊಳ್ಳಿ. ಮಿರ್ಚಿ ಕಟ್ಟಿಕೊಟ್ಟ ಕಾಗದಕ್ಕೆ ಎಣ್ಣೆ ಹೀರಿ ಹಿಂಬದಿಯ ಅಕ್ಷರ ತಾನೇ ಎದ್ದು ಬರುತ್ತದೆ. ನನ್ನ ಕೈಗೆ ಯಾರದೋ ಸಾಲದ ಅರ್ಜಿಯ ಹಾಳೆ ಬಂದಿದೆ. ಸಹಿ, ತಂದೆಯ ಹೆಸರು, ಜಮೀನಿನ ಸರ್ವೆ ನಂಬರು ಸಮೇತ. ಆ ಮನೆಯವರು ಕಸದ ಗಾಡಿಗೆ ಡಬ್ಬಿ ತೋರಿಸಲು ಹಿಂಜರಿಯುವವರೇ ಇರಬಹುದು. ಆಧಾರ್ ಜೆರಾಕ್ಸು, ಬ್ಯಾಂಕಿನ ಪತ್ರ, ಮಕ್ಕಳ ಅಂಕಪಟ್ಟಿಯ ಪ್ರತಿ, ಇವನ್ನು ಕೆ.ಜಿ. ಲೆಕ್ಕದಲ್ಲಿ ಮಾರುವಾಗ ಯಾರಿಗೂ ಖಾಸಗಿತನ ನೆನಪಾಗುವುದಿಲ್ಲ. ಹರಿದು, ನೀರಲ್ಲಿ ನೆನೆಸಿ ಮುದ್ದೆ ಮಾಡಿ ಬಿಸಾಕಿ. ಸುಡಬೇಡಿ, ಬಯಲಲ್ಲಿ ಕಸ ಸುಡುವುದನ್ನೂ ಅದೇ 2016ರ ನಿಯಮ ನಿಷೇಧಿಸಿತ್ತು. ಅಂದಹಾಗೆ, ಅಚ್ಚಾದ ಕಾಗದದಲ್ಲಿ ಕರಿದ ತಿಂಡಿ ಕಟ್ಟುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ ಬೇಡ ಎನ್ನುತ್ತಲೇ ಇದೆ. ಮಿರ್ಚಿಯ ಮುಂದೆ ಅದು ಯಾರ ಕಿವಿಗೂ ಬಿದ್ದಿಲ್ಲ, ನನ್ನದೂ ಸೇರಿ.

ಪ್ರಶ್ನೆ: ಅಡುಗೆಮನೆಯ ಬಕೆಟ್ ನೋಡಬೇಕು ಎಂದು ಒಳಗೇ ಬಂದರೆ?

ಬಿಡಬೇಡಿ. ಕರ್ನಾಟಕ ಪೌರನಿಗಮಗಳ ಅಧಿನಿಯಮ, 1976ರಲ್ಲಿ ಪ್ರವೇಶದ ಅಧಿಕಾರ ಇದೆ, ಅದಕ್ಕೆ ಲಗಾಮೂ ಇದೆ. ಸೂರ್ಯ ಮುಳುಗಿದ ಮೇಲೆ ಬರುವಂತಿಲ್ಲ, ವಾಸದ ಮನೆಗೆ ಮನೆಯವರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಕನಿಷ್ಠ 24 ಗಂಟೆ ಮೊದಲು ತಿಳಿಸಿರಬೇಕು. ಗುರುತಿನ ಚೀಟಿ ಕೇಳಿ, ಬಂದ ಕಾರಣವನ್ನು ಬರೆದುಕೊಡಿ ಎನ್ನಿ. ನಿಜವಾದ ಸಿಬ್ಬಂದಿಗೆ ಗೇಟಿನಲ್ಲೇ ಕೆಲಸ ಮುಗಿಯುತ್ತದೆ. ‘ಸರ್ವೆಗೆ ಬಂದಿದ್ದೇವೆ’ ಎಂದು ಮಧ್ಯಾಹ್ನ ಒಳಗೆ ನುಗ್ಗುವವರ ಬಗ್ಗೆ, ಅದರಲ್ಲೂ ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ, ನನಗೆ ಸದಾ ಅನುಮಾನ. ಬಾಗಿಲ ಸರಪಳಿ ತೆಗೆಯದೆಯೇ ಮಾತಾಡಿ.

ಪ್ರಶ್ನೆ: ಗೇಟಿಗೆ ಅಂಟಿಸುವ ಕ್ಯೂಆರ್ ಚೀಟಿಯಲ್ಲಿ ಕ್ಯಾಮೆರಾ ಇರುತ್ತದಂತೆ?

ಅದು ಅಚ್ಚು ಹಾಕಿದ ಚೀಟಿ. ಚೀಟಿಗೆ ಕಣ್ಣಿಲ್ಲ. ಸ್ಕ್ಯಾನ್ ಮಾಡಿದಾಗ ಈ ಮನೆಯ ಕಸ ಇಷ್ಟು ಹೊತ್ತಿಗೆ ಎತ್ತಿದೆವು ಎಂದು ದಾಖಲಾಗುತ್ತದೆ, ಅಷ್ಟೆ. ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಮನೆಯಿಂದ ಹತ್ತು ದಿನ ಕಸ ಬಂದಿಲ್ಲ, ಅಂದರೆ ಯಾವ ಮನೆಗೆ ಬೀಗ ಬಿದ್ದಿದೆ ಎಂಬ ಪಟ್ಟಿ ಯಾರ ಕೈಯಲ್ಲಿರುತ್ತದೆ? ಇದನ್ನು ವಾರ್ಡ್ ಸಭೆಯಲ್ಲಿ ಕೇಳಿ.

ಪ್ರಶ್ನೆ: ದಂಡ ಕೊಟ್ಟೆ, ರಸೀದಿ ಕೊಡಲಿಲ್ಲ.

ಹಾಗಾದರೆ ನೀವು ಕೊಟ್ಟದ್ದು ದಂಡವಲ್ಲ.

ಪ್ರಶ್ನೆ: ಡೈಪರನ್ನೂ ಗೊಬ್ಬರ ಮಾಡುವ ಪುಡಿ ಸಿಗುತ್ತದೆ. ಅದನ್ನು ಹಾಕಿಬಿಟ್ಟರೆ ಮನೆಯ ಕಸವನ್ನು ಯಾರೂ ನೋಡುವ ಹಾಗೇ ಇಲ್ಲ, ಅಲ್ಲವೇ? – ವಿನೋಬನಗರ

ಡೈಪರಿನ ಹೊರಪದರ ಪ್ಲಾಸ್ಟಿಕ್, ಒಳಗಿನ ಹರಳು ನೀರು ಹೀರುವ ಪಾಲಿಮರ್. ಯಾವ ಪುಡಿಯೂ ಅದನ್ನು ನಿಮ್ಮ ಹಿತ್ತಲ ಡ್ರಮ್ಮಿನಲ್ಲಿ ಮಣ್ಣು ಮಾಡುವುದಿಲ್ಲ. ಮಾರಲು ಬಂದವನಿಗೆ ಅವನ ಮನೆಯ ಡ್ರಮ್ಮು ತೋರಿಸಲು ಹೇಳಿ, ಮತ್ತೆ ಬರುವುದಿಲ್ಲ. ‘ಕರಗುವ ಕವರ್’ ಎಂದು ಹಸಿರು ಬಣ್ಣ ಬಳಿದು ಮಾರುವವರೂ ಇದೇ ಜಾತಿ. ಕವರಿನ ಮೇಲೆ ಐಎಸ್ 17088 ಎಂಬ ಮಾನಕದ ಸಂಖ್ಯೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇಲ್ಲದಿದ್ದರೆ ಅದು ಬಣ್ಣದ ಪ್ಲಾಸ್ಟಿಕ್ಕು. ತರಕಾರಿ ಸಿಪ್ಪೆ, ಕಾಫಿ ಚರಟ, ಒಣಗಿದ ಎಲೆ ಇಷ್ಟನ್ನು ಮಾತ್ರ ಡ್ರಮ್ಮಿಗೆ ಹಾಕಿ. ನೊಣ ಬಂದರೆ ಒಣ ಎಲೆ ಕಡಿಮೆಯಾಗಿದೆ ಎಂದು ತಿಳಿಯಿರಿ. ಹಸಿ ಕಸ ಮನೆಯಲ್ಲೇ ಮುಗಿದರೆ ಗಾಡಿಗೆ ಹೋಗುವ ಡಬ್ಬಿಯಲ್ಲಿ ವಾಸನೆಯೂ ಇರುವುದಿಲ್ಲ, ಆವರಗೊಳ್ಳದ ಕಸದ ಗುಡ್ಡೆಗೂ ಅಷ್ಟು ಕಡಿಮೆ.

ಪ್ರಶ್ನೆ: ಎದುರುಮನೆಯವರು ಖಾಲಿ ಸೈಟಿಗೆ ಕಸ ಎಸೆಯುತ್ತಾರೆ. ಅವರ ಗೇಟಿನ ಕಡೆ ಸಿ.ಸಿ. ಕ್ಯಾಮೆರಾ ತಿರುಗಿಸಲೇ?

ಸೈಟಿನ ಕಡೆ ತಿರುಗಿಸಿ. ಗೇಟಿನ ಕಡೆ ಬೇಡ. ಆ ಮನೆಯವರು ಬರೆದ ಪತ್ರಕ್ಕೂ ನಾನೇ ಉತ್ತರ ಕೊಡಬೇಕಾಗುತ್ತದೆ.