ಕಂಪ್ಯೂಟರ್ ಪ್ರಶ್ನೋತ್ತರ: ಪದೇ ಪದೇ ನಿಂತುಹೋಗುವ ಪ್ರಿಂಟ್ ಸ್ಪೂಲರ್

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಹೋಮ್ ಇದೆ. ಒಂದು ಯುಎಸ್‌ಬಿ ಪ್ರಿಂಟರ್, ಒಂದು ವೈಫೈ ಪ್ರಿಂಟರ್ ಇವೆ. ಈಚೆಗೆ ಪ್ರಿಂಟ್ ಕೊಟ್ಟಾಗಲೆಲ್ಲ ಸ್ಪೂಲರ್ ಸರ್ವಿಸ್ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಪ್ರಿಂಟರಿಗೆ ಕಳಿಸುವ ವಿಂಡೋಸಿನ ಭಾಗ) ನಡೆಯುತ್ತಿಲ್ಲ ಎಂದು ಬರುತ್ತದೆ. ಸರ್ವಿಸಸ್ ತೆರೆದು ಸ್ಟಾರ್ಟ್ ಒತ್ತಿದರೆ ಶುರುವಾಗಿ ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ನಮ್ಮಲ್ಲಿ ಕರೆಂಟ್ ಆಗಾಗ ಹೋಗುತ್ತದೆ, ಅದೇ ಕಾರಣವೇ? ಅಂಗಡಿಯವರು ವಿಂಡೋಸನ್ನೇ ಹೊಸದಾಗಿ ಹಾಕಬೇಕು ಎನ್ನುತ್ತಾರೆ. — ಓದುಗರೊಬ್ಬರು, ಶಿರಸಿ

ಉತ್ತರ: ಈಗಲೇ ವಿಂಡೋಸ್ ಹೊಸದಾಗಿ ಹಾಕಿಸಬೇಡಿ. ಹಾಕಿಸಿದ ಮೇಲೆ ಅದೇ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಮತ್ತೆ ಹಾಕಿದರೆ ತೊಂದರೆಯೂ ಹಿಂದೆಯೇ ಬರಬಹುದು. ಸ್ಪೂಲರ್ ಯಾವುದರಿಂದ ಬೀಳುತ್ತಿದೆ ಎಂಬುದನ್ನು ಕಂಪ್ಯೂಟರ್ ಪ್ರತಿ ಸಲವೂ ಬರೆದಿಡುತ್ತದೆ. ಮೊದಲು ಅದನ್ನು ಓದಿ.

ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಎಂದು ಹುಡುಕಿ ತೆರೆಯಿರಿ. ವಿಂಡೋಸ್ ಲಾಗ್ಸ್ ಅಡಿಯ ಸಿಸ್ಟಮ್ ವಿಭಾಗದಲ್ಲಿ 7031 ಅಥವಾ 7034 ಸಂಖ್ಯೆಯ ದಾಖಲೆ ಇರುತ್ತದೆ. ಸರ್ವಿಸ್ ಅನಿರೀಕ್ಷಿತವಾಗಿ ನಿಂತಿತು ಎಂಬುದಷ್ಟೇ ಅದರಲ್ಲಿರುವುದು. ಅದರ ಸಮಯ ಗುರುತು ಮಾಡಿಕೊಂಡು ಅಪ್ಲಿಕೇಶನ್ ವಿಭಾಗಕ್ಕೆ ಹೋಗಿ, ಅದೇ ಸಮಯದ 1000 ಸಂಖ್ಯೆಯ ದಾಖಲೆ ತೆರೆಯಿರಿ. ‘ಫಾಲ್ಟಿಂಗ್ ಅಪ್ಲಿಕೇಶನ್’ ಎದುರು ಸ್ಪೂಲ್‌ಎಸ್‌ವಿ ಡಾಟ್ ಎಕ್ಸ್‌ಇ ಎಂದಿರಬೇಕು, ಸ್ಪೂಲರ್ ಎಂದರೆ ಅದೇ. ನಿಮಗೆ ಬೇಕಾದ್ದು ಅದರ ಕೆಳಗಿನ ‘ಫಾಲ್ಟಿಂಗ್ ಮಾಡ್ಯೂಲ್’ ಸಾಲು. ಅಲ್ಲಿ ಒಂದು ಡಿಎಲ್‌ಎಲ್ ಕಡತದ ಹೆಸರಿರುತ್ತದೆ, ದಾಖಲೆಯ ಕೊನೆಯಲ್ಲಿ ಅದಿರುವ ಫೋಲ್ಡರಿನ ದಾರಿಯೂ ಇರುತ್ತದೆ. ಆ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟ ನೋಡಿದರೆ ಯಾವ ಕಂಪನಿಯದೆಂದು ತಿಳಿಯುತ್ತದೆ. ಸಾಮಾನ್ಯವಾಗಿ ಅದು ಎರಡು ಪ್ರಿಂಟರುಗಳಲ್ಲಿ ಒಂದರದಾಗಿರುತ್ತದೆ, ಕೆಲವೊಮ್ಮೆ ಎಂದೋ ಮಾರಿದ ಹಳೆಯ ಪ್ರಿಂಟರಿನದು.

ಒಂದು ಎಚ್ಚರಿಕೆ. ಅಲ್ಲಿ ಎನ್‌ಟಿಡಿಎಲ್‌ಎಲ್ ಎಂದಿದ್ದರೆ ಅದನ್ನೇ ಅಪರಾಧಿ ಎಂದುಕೊಂಡು ಬೇರೆಡೆಯಿಂದ ಆ ಕಡತ ತಂದು ಹಾಕಬೇಡಿ. ಅದು ವಿಂಡೋಸಿನದೇ. ಸಾಮಾನ್ಯವಾಗಿ ಬೇರೆ ಯಾವುದೋ ಡ್ರೈವರ್ ಮೆಮೊರಿ ಕೆಡಿಸಿರುತ್ತದೆ, ಕೆಟ್ಟದ್ದು ಬಯಲಾಗುವುದು ಇಲ್ಲಿ. ಹಾಗಿದ್ದರೆ ಒಂದೊಂದೇ ಪ್ರಿಂಟರ್ ತೆಗೆದು ನೋಡುವುದೊಂದೇ ದಾರಿ.

ಡ್ರೈವರ್ ತಪ್ಪಿಗೆ ಇಡೀ ಸರ್ವಿಸ್ ಯಾಕೆ ಬೀಳಬೇಕು? ಸ್ಪೂಲರ್ ಹೊರಗಿನ ಕಂಪನಿಗಳ ಡ್ರೈವರ್‌ಗಳನ್ನು ತನ್ನೊಳಗೇ ಎಳೆದುಕೊಂಡು ನಡೆಸುತ್ತದೆ. ಡ್ರೈವರನ್ನು ಬೇರೆ ಪ್ರಕ್ರಿಯೆಯಲ್ಲಿ ಇಡುವ ಏರ್ಪಾಡು ವಿಂಡೋಸ್ 7ರಿಂದಲೇ ಇದೆ. ಆದರೆ ಅದಕ್ಕೆ ಡ್ರೈವರ್ ತಯಾರಿಸಿದವರು ಒಪ್ಪಿಗೆ ಬರೆದಿರಬೇಕು. ಹಳೆಯ ಡ್ರೈವರ್‌ಗಳು ಅನೇಕವು ಬರೆದಿರುವುದಿಲ್ಲ.

ಕರೆಂಟಿನ ವಿಚಾರಕ್ಕೆ ಬರೋಣ. ನಿಮ್ಮ ಅನುಮಾನದಲ್ಲಿ ಹುರುಳಿದೆ. ಪ್ರಿಂಟ್ ನಡೆಯುವಾಗ ಕರೆಂಟ್ ಹೋದರೆ ಅರ್ಧ ಬರೆದ ಕಡತ ಹಾಗೇ ಉಳಿಯಬಹುದು. ಸ್ಪೂಲರ್ ಪ್ರತಿ ಸಲ ಎದ್ದಾಗಲೂ ಬಾಕಿ ಕೆಲಸ ಓದಲು ಹೋಗಿ ಅದೇ ಕಡತಕ್ಕೆ ಎಡವಿ ಬೀಳುತ್ತದೆ. ಅದನ್ನು ತೆಗೆಯುವುದು ಹೀಗೆ: ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ನೆಟ್ ಸ್ಟಾಪ್ ಸ್ಪೂಲರ್’ (net stop spooler) ಆದೇಶ ಕೊಡಿ. ಸಿ ಡ್ರೈವಿನಲ್ಲಿ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಹೀಗೆ ಒಳಗೆ ಹೋಗಿ. ಅನುಮತಿ ಕೇಳಿದರೆ ಕಂಟಿನ್ಯೂ ಒತ್ತಿ. ಅಲ್ಲಿನ ಎಸ್‌ಪಿಎಲ್, ಎಸ್‌ಎಚ್‌ಡಿ ಕಡತಗಳನ್ನೆಲ್ಲ ಅಳಿಸಿ. ಮೊದಲನೆಯದರಲ್ಲಿ ಪ್ರಿಂಟಾಗಬೇಕಾದ ಮಾಹಿತಿ, ಎರಡನೆಯದರಲ್ಲಿ ಆ ಕೆಲಸದ ವಿವರ ಇರುತ್ತದೆ. ಪ್ರಿಂಟರ್ಸ್ ಫೋಲ್ಡರನ್ನೇ ಅಳಿಸಬೇಡಿ, ಪಕ್ಕದ ಡ್ರೈವರ್ಸ್ ಫೋಲ್ಡರನ್ನು ಮುಟ್ಟಲೇಬೇಡಿ. ನಂತರ ‘ನೆಟ್ ಸ್ಟಾರ್ಟ್ ಸ್ಪೂಲರ್’ (net start spooler) ಆದೇಶ ಕೊಡಿ.

ಇಷ್ಟಕ್ಕೇ ತೊಂದರೆ ನಿಂತರೆ ಕಾರಣ ಕರೆಂಟೇ ಇರಬಹುದು. ಫೋಲ್ಡರ್ ಖಾಲಿ ಇದ್ದೂ ಮತ್ತೆ ಬಿದ್ದರೆ ಡ್ರೈವರ್ ತೆಗೆಯಬೇಕು. ಮೊದಲು ಪ್ರಿಂಟರಿನ ಯುಎಸ್‌ಬಿ ಕೇಬಲ್ ಕಿತ್ತಿಡಿ. ಸಿಕ್ಕಿಸಿದ್ದರೆ ನೀವು ತೆಗೆದ ಡ್ರೈವರನ್ನು ವಿಂಡೋಸ್ ತಾನಾಗಿಯೇ ಮತ್ತೆ ಹಾಕಿಕೊಳ್ಳುತ್ತದೆ. ವೈಫೈ ಪ್ರಿಂಟರನ್ನು ಆಫ್ ಮಾಡಿ. ಸೆಟ್ಟಿಂಗ್ಸ್‌ನ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ನಲ್ಲಿ ಆ ಪ್ರಿಂಟರ್ ಆರಿಸಿ ರಿಮೂವ್ ಕೊಡಿ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಡ್ರೈವರ್ ಇನ್ನೂ ಒಳಗೇ ಇರುತ್ತದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ ‘ಪ್ರಿಂಟ್‌ಯುಐ /ಎಸ್ /ಟಿ2’ (printui /s /t2) ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಡ್ರೈವರ್‌ಗಳ ಪಟ್ಟಿ ಬರುತ್ತದೆ, ಹೋಮ್ ಆವೃತ್ತಿಯಲ್ಲೂ ಬರುತ್ತದೆ. ಬೇಡದ್ದನ್ನು ಆರಿಸಿ ರಿಮೂವ್ ಒತ್ತಿ, ‘ಡ್ರೈವರ್ ಅಂಡ್ ಡ್ರೈವರ್ ಪ್ಯಾಕೇಜ್’ ಎಂಬ ಆಯ್ಕೆಯನ್ನೇ ಹಿಡಿಯಿರಿ. ಡ್ರೈವರ್ ಬಳಕೆಯಲ್ಲಿದೆ ಎಂದು ತಕರಾರು ಬಂದರೆ ಸ್ಪೂಲರನ್ನು ಒಮ್ಮೆ ನಿಲ್ಲಿಸಿ ಶುರು ಮಾಡಿ, ಆ ಕೂಡಲೇ ಮತ್ತೆ ಪ್ರಯತ್ನಿಸಿ. ಈ ಪಟ್ಟಿ ತೆರೆಯಲು ಸ್ಪೂಲರ್ ನಡೆಯುತ್ತಿರಲೇಬೇಕು.

ಹೊಸ ಡ್ರೈವರನ್ನು ಪ್ರಿಂಟರ್ ತಯಾರಕರ ಜಾಲತಾಣದಿಂದಲೇ ತನ್ನಿ. ಪೆಟ್ಟಿಗೆಯಲ್ಲಿ ಬಂದ ಸಿಡಿ ಬೇಡ. ಒಂದು ಪ್ರಿಂಟರ್ ಹಾಕಿ ಎರಡು ದಿನ ಬಳಸಿ ನೋಡಿ, ಆಮೇಲೆ ಎರಡನೆಯದು. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದರ ತಪ್ಪೆಂಬುದು ಮತ್ತೆ ಗೊತ್ತಾಗದು.

ಪ್ರಶ್ನೆ: ಸರ್ವಿಸ್ ಬಿದ್ದಾಗ ಏನು ಮಾಡಬೇಕೆಂದು ಆರಿಸುವ ಸ್ಪೂಲರಿನ ರಿಕವರಿ ಪುಟದಲ್ಲಿ ಮೂರನೇ ಸಾಲಿಗೂ ‘ರೀಸ್ಟಾರ್ಟ್’ ಕೊಟ್ಟರೆ ಸಾಲದೇ? — ಓದುಗರೊಬ್ಬರು, ಹಾಸನ

ಉತ್ತರ: ಸಾಲದು. ಮೊದಲೆರಡು ಸಲ ಬಿದ್ದಾಗ ತಾನೇ ಏಳುವುದು, ಆಮೇಲೆ ಸುಮ್ಮನಾಗುವುದು ಸ್ಪೂಲರಿನ ಸಾಮಾನ್ಯ ಏರ್ಪಾಡು. ಮೂರನೆಯದಕ್ಕೂ ರೀಸ್ಟಾರ್ಟ್ ಕೊಟ್ಟರೆ ಕೆಟ್ಟ ಕಡತ ಇರುವ ತನಕ ಅದು ಏಳುತ್ತ ಬೀಳುತ್ತ ಇರುತ್ತದೆ. ಮೂಲ ಕಾರಣ ತೆಗೆದ ಮೇಲೆ ಬೇಕಿದ್ದರೆ ಇಡಿ.

ಪ್ರಶ್ನೆ: ನನ್ನ ಬಳಿ ಪ್ರಿಂಟರೇ ಇಲ್ಲ. ಸ್ಪೂಲರನ್ನು ಪೂರ್ತಿ ನಿಲ್ಲಿಸಬಹುದೇ? — ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ. ಸರ್ವಿಸಸ್‌ನಲ್ಲಿ ಅದರ ಸ್ಟಾರ್ಟಪ್ ಟೈಪನ್ನು ಡಿಸೇಬಲ್ಡ್ ಮಾಡಿ, ಸ್ಟಾಪ್ ಒತ್ತಿ. 2021ರ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ದೋಷ ಬಯಲಾದಾಗ, ತಾತ್ಕಾಲಿಕ ರಕ್ಷಣೆಗೆ ಮೈಕ್ರೋಸಾಫ್ಟ್ ಕೂಡ ಇದನ್ನೇ ಹೇಳಿತ್ತು. ಆದರೆ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಕೂಡ ಸ್ಪೂಲರಿನ ಮೂಲಕವೇ ನಡೆಯುವುದರಿಂದ ಅದೂ ನಿಲ್ಲುತ್ತದೆ. ಕ್ರೋಮ್‌ನ ‘ಸೇವ್ ಆ್ಯಸ್ ಪಿಡಿಎಫ್’ಗೆ ಸ್ಪೂಲರ್ ಬೇಕಿಲ್ಲ, ಅದನ್ನು ಬಳಸಿಕೊಳ್ಳಿ.