ಮೇಳದಲ್ಲಿ ಓಡಿದ ಫೋನು ಕೈಯಲ್ಲಿ ತೆವಳಿದರೆ

ಚಿಪ್ ಕೆಟ್ಟಿರಲಿಕ್ಕಿಲ್ಲ, ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತಿದೆ. ಬಾರ್ಸಿಲೋನಾದಲ್ಲಿ ನಡೆಯುವ ಫೋನುಗಳ ದೊಡ್ಡ ಮೇಳ ಮೊಬೈಲ್ ವರ್ಲ್ಡ್ ಕಾಂಗ್ರೆಸ್‌ನ ವಿಡಿಯೋದಲ್ಲಿ ಸಲೀಸಾಗಿ ಓಡಿದ ಗೇಮ್ ನಿಮ್ಮ ಫೋನಲ್ಲಿ ಹತ್ತು ನಿಮಿಷಕ್ಕೆ ತಡವರಿಸುತ್ತಿದ್ದರೆ, ಆ ‘ಹತ್ತು ನಿಮಿಷ’ವೇ ಸುಳಿವು. ಮಳಿಗೆಯಲ್ಲಿ ಎರಡು ನಿಮಿಷ ಆಡಿಸಿ ಕೆಳಗಿಡ್ತಾರೆ. ಎಸಿ ಹಾಲ್, ಕವರ್ ಇಲ್ಲ, ಹಿನ್ನೆಲೆಯಲ್ಲಿ ಹತ್ತಾರು ಆ್ಯಪ್‌ಗಳೂ ಇಲ್ಲ. ಕಡಿಮೆ ವಿದ್ಯುತ್ತಲ್ಲಿ ಓಡುವ 3 ನ್ಯಾನೋಮೀಟರ್ ತಂತ್ರಜ್ಞಾನದ ಚಿಪ್ ಆದರೇನು, ಪೂರ್ತಿ ವೇಗದಲ್ಲಿ ಹುಟ್ಟುವ ಶಾಖ ಅಷ್ಟು ತೆಳ್ಳಗಿನ ಮೈಯಿಂದ ಬೇಗ ಹೊರಹೋಗಲ್ಲ.

ಮೊದಲು ಕವರ್ ತೆಗೀರಿ, ಚಾರ್ಜರ್ ಕಳಚಿ. ಚಾರ್ಜಿಗೆ ಹಾಕ್ಕೊಂಡೇ ಆಡ್ತಿದ್ದರೆ ಅರ್ಧ ತಪ್ಪು ಅಲ್ಲೇ ಇದೆ. ಫೋನ್ ಪೂರ್ತಿ ತಣ್ಣಗಾದ ಮೇಲೆ ಗ್ರಾಫಿಕ್ಸ್ ವೇಗ ಅಳೆಯುವ ಆ್ಯಪ್ 3ಡಿಮಾರ್ಕ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಓಡಿಸಿ. ಒಂದೊಂದು ನಿಮಿಷದ 20 ಸುತ್ತು, ಕೊನೆಗೆ ಸ್ಟೆಬಿಲಿಟಿ, ಅಂದರೆ ವೇಗ ಎಷ್ಟರಮಟ್ಟಿಗೆ ಉಳೀತು ಅನ್ನೋದನ್ನ, ಶೇಕಡಾದಲ್ಲಿ ತೋರಿಸುತ್ತೆ. ಸುತ್ತುಗಳ ಅಂಕದ ಗೆರೆ ಮೊದಮೊದಲು ಮೇಲಿದ್ದು ಆಮೇಲೆ ಮೆಟ್ಟಿಲಿಳಿದ ಹಾಗೆ ಇಳಿದರೆ ಶಾಖವೇ ಕಾರಣ. ನನ್ನದು ಏಳನೇ ಸುತ್ತಿಗೇ ಜಾರಿತ್ತು. ಮೊದಲ ಸುತ್ತಿನಿಂದಲೇ ಅಂಕ ಕಡಿಮೆಯಿದ್ದರೆ ಬೇರೆ ಕತೆ, ಬ್ಯಾಟರಿ ಸೇವರ್ ಆನ್ ಇದೆಯಾ ನೋಡಿ.

ಶಾಖವೇ ಅಂತಾದರೆ ಗೇಮಿನ ಫ್ರೇಮ್ ರೇಟನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 60ಕ್ಕೆ ನಿಲ್ಲಿಸಿ, ಗ್ರಾಫಿಕ್ಸ್ ಒಂದು ಹಂತ ಇಳಿಸಿ, ಪರ್ಫಾರ್ಮೆನ್ಸ್ ಮೋಡ್ ಆಫ್ ಮಾಡಿ. (ಹೆಸರಿಗೆ ಮರುಳಾಗಬೇಡಿ, ಉದ್ದದ ಆಟದಲ್ಲಿ ಅದು ಬಿಸಿಯನ್ನು ಬೇಗ ತರುತ್ತೆ ಅಷ್ಟೇ.)

ಫೋನ್ ಕೊಂಡು ವಾರವೂ ಆಗಿಲ್ಲದಿದ್ದರೆ ನಾಲ್ಕು ದಿನ ಕಾಯಿರಿ. ಫೋಟೋ ವಿಂಗಡಣೆ, ಆ್ಯಪ್ ಅಪ್‌ಡೇಟ್ ಒಳಗೊಳಗೇ ನಡೀತಿರಬಹುದು. ಆಮೇಲೂ ಸುಮ್ಮನೆ ಮೇಜಿನ ಮೇಲಿದ್ದಾಗಲೇ ಬಿಸಿಯಾಗ್ತಿದ್ದರೆ ಟೆಸ್ಟಿನ ಸ್ಕ್ರೀನ್‌ಶಾಟ್ ಸಮೇತ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ.