ಹೊಟ್ಟೆಯಲ್ಲಿ ಹುಣ್ಣು ಮಾಡುವ ಎಚ್. ಪೈಲೋರಿ ಬ್ಯಾಕ್ಟೀರಿಯಾಗೆ ಎರಡು ವಾರ ಮಾತ್ರೆ ನುಂಗಿದರೂ ಸೋಂಕು ಹೋಗಿಲ್ಲ. ಅದೇ ಕೋರ್ಸ್ ಮತ್ತೊಮ್ಮೆ ಮಾಡಬಹುದೇ?

ಬೇಡ. ಮೊದಲ ಕೋರ್ಸಿನಲ್ಲಿ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಇದ್ದಿದ್ದರೆ, ಉಳಿದಿರುವುದು ಬಹುಶಃ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾವೇ. ಈ ಔಷಧ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತದೆ. ಅಂಟುವ ಜಾಗ ಚೂರು ಬದಲಾದರೂ ಹಿಡಿತ ತಪ್ಪುತ್ತದೆ, ಡೋಸ್ ಏರಿಸಿಯೂ ಪ್ರಯೋಜನವಿಲ್ಲ. ನೆಗಡಿ, ಗಂಟಲುನೋವಿಗೆಲ್ಲ ಇದೇ ಗುಂಪಿನ ಅಜಿಥ್ರೋಮೈಸಿನ್ ನುಂಗುವ ನಮ್ಮ ಚಾಳಿಗೂ ಇದರಲ್ಲಿ ಪಾಲಿದೆ.

ಮೆಟ್ರೊನಿಡಜೋಲ್ ಎಂಬ ಇನ್ನೊಂದು ಆಂಟಿಬಯಾಟಿಕ್‌ನ ಕಥೆ ಬೇರೆ. ಭೇದಿಗೆಲ್ಲ ಅದನ್ನೇ ಕೊಡುವ ಭಾರತದಲ್ಲಿ ಪ್ರತಿರೋಧ ವಿಪರೀತ. ಆದರೂ ಸಾಕಷ್ಟು ಡೋಸ್, 14 ದಿನ, ಜೊತೆಗೆ ಬಿಸ್ಮತ್ ಎಂಬ ಹೊಟ್ಟೆಯ ಔಷಧ ಇದ್ದರೆ ಬಹಳಷ್ಟು ಸಲ ಕೆಲಸ ಮಾಡುತ್ತದೆ. ಹಾಗಾಗಿ ಆಮ್ಲ ತಗ್ಗಿಸುವ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಈ ನಾಲ್ಕರ ಕೋರ್ಸ್ ಬಗ್ಗೆ ಗ್ಯಾಸ್ಟ್ರೋ ವೈದ್ಯರನ್ನು ಕೇಳಿ. ಹಿಂಸೆಯೇ ಸರಿ: ರಾಶಿ ಮಾತ್ರೆ, ಬಾಯಲ್ಲಿ ಲೋಹದ ರುಚಿ. ಬಿಸ್ಮತ್‌ನಿಂದ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿದ್ದು ತಲೆಸುತ್ತೂ ಬಂದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ‘ಹೋಗಿಲ್ಲ’ ಎಂದು ಗೊತ್ತಾದದ್ದು ಯಾವ ಪರೀಕ್ಷೆಯಿಂದ? ರಕ್ತದ ಪ್ರತಿಕಾಯ ಪರೀಕ್ಷೆಯಾದರೆ ನಂಬಬೇಡಿ, ವಾಸಿಯಾಗಿ ತಿಂಗಳುಗಳಾದರೂ ಪಾಸಿಟಿವ್ ಬರುತ್ತದೆ. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರದ ಮೇಲೆ ಉಸಿರಿನ ಪರೀಕ್ಷೆ ಅಥವಾ ಮಲದ ಆಂಟಿಜೆನ್ ಪರೀಕ್ಷೆ ಮಾಡಿಸಿ. ಅದಕ್ಕೆ 2 ವಾರ ಮೊದಲೇ ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು.